ಸ್ಟುಟ್‌ಗಾರ್ಟಿನಲ್ಲಿ ಕಸ ಹಾಕೋದು

ಟೂರಿಗೆ ಹೋದವರಿಗೆ ಯಾರೂ ಕೆಲಸ ಹೇಳಲ್ಲ. ದುಡ್ಡು ಕಟ್ಟಿರ್ತೀವಿ, ಬಸ್ಸು ಬಂದು ಹೋಟೆಲ್ ಬಾಗಿಲಲ್ಲೇ ನಿಲ್ಲತ್ತೆ, ಹೈಡೆಲ್‌ಬರ್ಗ್ ಕೋಟೆ ತೋರಿಸ್ತಾರೆ, ಗಡಿ ಆಚೆ ಸ್ವಿಟ್ಜರ್‌ಲ್ಯಾಂಡಲ್ಲಿರೋ ರೈನ್ ಜಲಪಾತದ ಮುಂದೆ ನಿಲ್ಲಿಸಿ ಫೋಟೋ ತೆಗೆಸ್ತಾರೆ, ಟಿಟಿಸೇಲಿ ಕುಕೂ ಗಡಿಯಾರದ ಅಂಗಡಿಗೆ ನುಗ್ಗಿಸ್ತಾರೆ, ಮಧ್ಯಾಹ್ನ ಯಾವುದೋ ಇಂಡಿಯನ್ ಹೋಟೆಲಲ್ಲಿ ದಾಲ್ ಅನ್ನ ತಿನ್ನಿಸಿ ಮತ್ತೆ ಬಸ್ಸು ಹತ್ತಿಸ್ತಾರೆ. ಜರ್ಮನಿ ನೋಡಾಯ್ತು ಅಂತ ನಾವೂ ವಾಟ್ಸಾಪಲ್ಲಿ ಹಾಕ್ಕೋತೀವಿ. ಆದ್ರೆ ಗುಂಪಿನವರನ್ನೆಲ್ಲ ಏರ್‌ಪೋರ್ಟಿಗೆ ಕಳಿಸಿ ನಾವು ಮಾತ್ರ ಅಲ್ಲೇ ನೆಂಟರ ಮನೇಲಿ ಸ್ವಲ್ಪ ದಿನ ಉಳ್ಕೊಂಡ್ವಿ ಅಂತಿಟ್ಕೊಳ್ಳಿ, ಮೊದಲ ದಿನ ಕಾಫಿ ಕೊಡ್ತಾರೆ, ಎರಡನೇ ದಿನಕ್ಕೆ ಕೈಗೆ ಕಸದ ಚೀಲ ಬರತ್ತೆ.

ನಂಗೆ ಹಾಗೇ ಬಂತು. ನಮ್ಮಕ್ಕನ ಮಗಳು ಇರೋದು ಸ್ಟುಟ್‌ಗಾರ್ಟಲ್ಲಿ. "ಚಿಕ್ಕಮ್ಮ, ಹೇಗೂ ಕೆಳಗೆ ಹೋಗ್ತಿದ್ದೀಯಲ್ಲ, ಇದನ್ನೂ ತಗೊಂಡು ಹೋಗು" ಅಂದ್ಳು, ಅಂದವಳು ಹಾಗೇ ಕಳಿಸ್ಲಿಲ್ಲ, ನಿಲ್ಲಿಸ್ಕೊಂಡು ಒಂದು ಪಾಠ ಮಾಡಿದ್ಳು. ತರಕಾರಿ ಸಿಪ್ಪೆ, ಕಾಫಿ ಚರಟ ಎಲ್ಲ ಕಂದು ಡಬ್ಬಿಗೆ. ಪ್ಲಾಸ್ಟಿಕ್ಕು, ಡಬ್ಬ, ಪ್ಯಾಕಿಂಗ್ ಕವರು ಹಳದಿಗೆ. ಪೇಪರಿಗೆ ಬೇರೆ, ಆದ್ರೆ ಅಂಗಡಿ ಬಿಲ್ಲು ನೋಡಕ್ಕೆ ಪೇಪರೇ ಆದ್ರೂ ಪೇಪರಿಗೆ ಹೋಗಂಗಿಲ್ಲ, ಅದಕ್ಕೆ ಏನೋ ಕೋಟಿಂಗ್ ಇರತ್ತೆ, ಅದು ಯಾವ ಜಾತಿಗೂ ಸೇರದ ಕಸದ ಜೊತೆ ಹೋಗ್ಬೇಕು. ಮೊಸರಿನ ಕಪ್ಪಿನ ಕಥೆಯಂತೂ ಇನ್ನೂ ಚೆನ್ನಾಗಿದೆ, ಅದನ್ನ ತೊಳೀಬೇಕಾಗಿಲ್ಲ, ಚಮಚದಲ್ಲಿ ಕೆರೆದು ತಿಂದು ಖಾಲಿ ಮಾಡಿದ್ರೆ ಸಾಕು, ಆದ್ರೆ ಮೇಲಿನ ಅಲ್ಯೂಮಿನಿಯಂ ಮುಚ್ಚಳ ಪೂರ್ತಿ ಕಿತ್ತು ಬೇರೆ ಮಾಡಿ ಹಾಕ್ಬೇಕು, ಇಲ್ಲಾಂದ್ರೆ ಅಲ್ಲೆಲ್ಲೋ ಕಸ ಬೇರ್ಪಡಿಸೋ ಮೆಷಿನ್ನಿಗೆ ಇದು ಲೋಹವೋ ಪ್ಲಾಸ್ಟಿಕ್ಕೋ ಗೊತ್ತಾಗಲ್ಲ. ಎರಡೂ ಹೋಗೋದು ಅದೇ ಹಳದಿ ಡಬ್ಬಿಗೇ, ಅದನ್ನ ಬೇರೆ ಮಾಡೇ ಹಾಕ್ಬೇಕು! ಆ ಹಳದಿ ಡಬ್ಬಿ ಖಾಲಿ ಮಾಡೋ ಖರ್ಚು ಮನೆಯವರು ಕೊಡಲ್ಲ, ಪ್ಯಾಕ್ ಮಾಡಿ ಮಾರಿದ ಕಂಪನಿಗಳೇ ಹೊರಬೇಕು ಅಂತ 1991ರಲ್ಲೇ ಅಲ್ಲಿ ಕಾನೂನು ಬಂದಿದೆ. ಇದು ನಂಗೆ ಬಹಳ ಹಿಡಿಸ್ತು. ಪ್ಯಾಕೆಟ್ಟು ಮಾಡಿದವನೇ ಪ್ಯಾಕೆಟ್ಟಿನ ಗತಿ ನೋಡ್ಕೊಳ್ಳಲಿ, ನ್ಯಾಯವಾಗೇ ಇದೆ.

ಗಾಜಿನ ಬಾಟಲಿ ಮನೆ ಡಬ್ಬಿಗೆ ಹಾಕಂಗಿಲ್ಲ, ಬೀದಿ ಕೊನೇಲಿರೋ ದೊಡ್ಡ ಡಬ್ಬಿಗೆ ಹೊತ್ಕೊಂಡು ಹೋಗ್ಬೇಕು, ಅಲ್ಲೂ ಬಿಳಿ, ಹಸಿರು, ಕಂದು ಅಂತ ಮೂರು ಬಾಯಿ. ನೀಲಿ ಬಾಟಲಿ ಸಿಕ್ಕಿದ್ರೆ? ಹಸಿರಿಗೆ. ಇದನ್ನ ಹೇಳಿದ್ದು ಅವಳ ಮಗ, ಈಗಷ್ಟೇ ಶಾಲೆಗೆ ಸೇರಿದವನು, ನಮ್ಮ ಕಾಲದ ಮೇಷ್ಟ್ರ ಗತ್ತಲ್ಲಿ ಹೇಳ್ದ. ಭಾನುವಾರ ಮತ್ತು ರಾತ್ರಿ ಹೊತ್ತು ಅಲ್ಲಿ ಬಾಟಲಿ ಹಾಕೋದು ನಿಷಿದ್ಧ, ಒಡೆಯೋ ಸದ್ದಿಗೆ ಅಕ್ಕಪಕ್ಕದವರಿಗೆ ತೊಂದ್ರೆ ಆಗತ್ತೆ ಅಂತ.

ಭಾನುವಾರ ಅಂದ್ನಲ್ಲ, ಅದೊಂದು ಬೇರೇನೇ ದಿನ ಅಲ್ಲಿ. ಟೂರಲ್ಲಿದ್ದಾಗ ಗೊತ್ತೇ ಆಗಲ್ಲ, ನಮಗೆ ಎಲ್ಲ ದಿನಾನೂ ಒಂದೇ. ಮನೇಲಿದ್ರೆ ಶನಿವಾರ ಸಂಜೆ ಒಂದು ಗಡಿಬಿಡಿ ಶುರುವಾಗತ್ತೆ, ಹಾಲಿದ್ಯಾ, ಈರುಳ್ಳಿ ಇದ್ಯಾ, ನಾಳೆ ಏನೂ ಸಿಗಲ್ಲ ಅಂತ. ನಿಜಕ್ಕೂ ಸಿಗಲ್ಲ. ಬೇಕರಿ ಬೆಳಿಗ್ಗೆ ಕೆಲವು ಗಂಟೆ ತೆಗೆದಿರತ್ತೆ, ದೊಡ್ಡ ರೈಲ್ವೆ ಸ್ಟೇಷನ್ನಲ್ಲಿ, ಪೆಟ್ರೋಲ್ ಬಂಕಲ್ಲಿ ಅಷ್ಟೋ ಇಷ್ಟೋ ಸಿಗತ್ತೆ, ಮಿಕ್ಕಿದ್ದೆಲ್ಲ ಶಟರ್ರು. ಇದು ಬರೀ ರೂಢಿ ಅಂದ್ಕೊಂಡಿದ್ದೆ, ಅವರ ಸಂವಿಧಾನದಲ್ಲೇ ಇದ್ಯಂತೆ, ಭಾನುವಾರ ಮತ್ತು ಹಬ್ಬದ ದಿನಗಳು ವಿಶ್ರಾಂತಿಗೆ ಮೀಸಲು ಅಂತ, 1919ರ ವೈಮರ್ ಸಂವಿಧಾನದಲ್ಲಿದ್ದ ಮಾತನ್ನ ಯುದ್ಧ ಆದ್ಮೇಲೆ 1949ರಲ್ಲಿ ಹೊಸದು ಬರೆಯೋವಾಗ ಹಾಗೇ ಉಳಿಸ್ಕೊಂಡ್ರು. ಗೋಡೆಗೆ ಮೊಳೆ ಹೊಡಿಯಂಗಿಲ್ಲ, ಡ್ರಿಲ್ಲಿಂಗ್ ಇಲ್ಲ, ಹುಲ್ಲು ಕತ್ತರಿಸೋ ಮೆಷಿನ್ನೂ ಓಡಿಸಂಗಿಲ್ಲ. ಮಿಕ್ಸಿ ಹಾಕಿದ್ರೆ ಯಾರೂ ಜೈಲಿಗೇನೂ ಕಳಿಸಲ್ಲ, ಆದ್ರೂ ನಮ್ಮ ಹುಡುಗಿ ಚಟ್ನಿಗೆ ಶನಿವಾರವೇ ರುಬ್ಬಿ ಫ್ರಿಜ್ಜಲ್ಲಿಡ್ತಾಳೆ. ಮೊದಮೊದಲು ಆ ನಿಶ್ಶಬ್ದ ನಂಗೆ ಭಯ ಹುಟ್ಟಿಸ್ತಿತ್ತು, ಊರಲ್ಲಿ ಏನೋ ಆಗಿದೆ ಅನ್ನಿಸೋ ಹಾಗೆ, ಆಮೇಲೆ ಮಧ್ಯಾಹ್ನ ಮಲಗಿದ್ರೆ ಎದ್ದೇಳಕ್ಕೇ ಮನಸ್ಸು ಬರ್ತಿರ್ಲಿಲ್ಲ.

ಪ್ಲಾಸ್ಟಿಕ್ ಬಾಟಲಿದು ಇನ್ನೊಂದು ಲೋಕ. ನೀರಿನ ಬಾಟಲಿ, ಕೋಲಾ ಬಾಟಲಿ ತಗೊಂಡ್ರೆ ಬೆಲೆ ಮೇಲೆ 25 ಸೆಂಟ್ ಡಿಪಾಸಿಟ್ಟು, ಖಾಲಿ ಮಾಡಿ ಸೂಪರ್‌ಮಾರ್ಕೆಟ್ಟಿಗೆ ವಾಪಸ್ ತಂದು ಗೋಡೇಲಿರೋ ಮೆಷಿನ್ ಬಾಯಿಗೆ ಹಾಕಿದ್ರೆ ಅದು ಬಾಟಲಿನ ಗರಗರ ತಿರುಗಿಸಿ ಬಾರ್‌ಕೋಡ್ ಓದಿ ನುಂಗತ್ತೆ, ಒಳಗೆಲ್ಲೋ ನಜ್ಜುಗುಜ್ಜಾದ ಸದ್ದು, ಕೊನೆಗೊಂದು ಚೀಟಿ, ಅದನ್ನ ಕೌಂಟರಲ್ಲಿ ಕೊಟ್ರೆ ಬಿಲ್ಲಲ್ಲಿ ಕಳೀತಾರೆ. ಗಾಜಿನ ಬಿಯರ್ ಬಾಟಲಿಗೆ 8 ಸೆಂಟು, ಅದನ್ನ ತೊಳೆದು ಮತ್ತೆ ತುಂಬ್ತಾರೆ. ಇದೆಲ್ಲ ಎಲ್ಲರೂ ಹೇಳೋದೇ. ನಂಗೆ ಬೇರೊಂದು ಕಣ್ಣಿಗೆ ಬಿತ್ತು. ಪಾರ್ಕಲ್ಲಿ, ಸ್ಟೇಷನ್ನಲ್ಲಿ ಕಸದ ಡಬ್ಬಿ ಒಳಗೆ ಹಾಕದೆ ಅದರ ಪಕ್ಕದಲ್ಲಿ ನೆಲದ ಮೇಲೆ ಖಾಲಿ ಬಾಟಲಿಗಳನ್ನ ನೀಟಾಗಿ ನಿಲ್ಲಿಸಿ ಹೋಗಿರ್ತಾರೆ. ಇಷ್ಟು ಶಿಸ್ತಿನ ಜನ ಇದನ್ಯಾಕೆ ಹೊರಗೆ ಬಿಟ್ರು ಅಂತ ಕೇಳಿದ್ರೆ, ಬಾಟಲಿ ಆಯ್ದು ಆ ಡಿಪಾಸಿಟ್ ದುಡ್ಡಲ್ಲಿ ಜೀವನಕ್ಕೆ ಒಂದಷ್ಟು ಮಾಡ್ಕೊಳ್ಳೋರಿದ್ದಾರಂತೆ, ವಯಸ್ಸಾದವರೂ ಇದ್ದಾರೆ, ಅವರು ಡಬ್ಬಿಯೊಳಗೆ ಕೈ ಹಾಕೋ ಹಾಗಾಗಬಾರದು ಅಂತ. ಅಷ್ಟು ಸಾಹುಕಾರ ದೇಶದಲ್ಲಿ ಅಂಥವರಿದ್ದಾರೆ ಅನ್ನೋದು ಟೂರ್ ಬಸ್ಸಿನ ಕಿಟಕೀಲಿ ನಂಗೆ ಕಂಡಿರ್ಲಿಲ್ಲ.

ಇನ್ನು ಬೆಲ್ಲಿನ ವಿಷಯ. ಅಲ್ಲಿ ಅಪಾರ್ಟ್‌ಮೆಂಟಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರಲ್ಲ, ಕೆಳಗಡೆ ಬೆಲ್ಲಿನ ಪಕ್ಕ, ಪೋಸ್ಟ್ ಡಬ್ಬಿ ಮೇಲೆ ಸರ್‌ನೇಮ್ ಬರೆದಿರ್ತಾರೆ, ಅದಿಲ್ದಿದ್ರೆ ಕಾಗದ ಬರಲ್ಲ. ನಮ್ಮವರಿಗೆ ಸರ್‌ನೇಮ್ ಎಲ್ಲಿಂದ ತರೋದು? ನಮ್ಮ ಅಳಿಯಂದ್ರ ಪಾಸ್‌ಪೋರ್ಟಲ್ಲಿ ಊರ ಹೆಸರೇ ಸರ್‌ನೇಮ್ ಆಗಿ ಕೂತಿದೆ, ಹಾಗಾಗಿ ಷ್ಮಿಡ್ಟ್, ವಾಗ್ನರ್‌ಗಳ ನಡುವೆ ಕಡೂರು ಅಂತ ಬೋರ್ಡು. ಪೋಸ್ಟಿನವರು, ಡಾಕ್ಟ್ರು, ಮಗನ ಟೀಚರು ಎಲ್ಲರೂ ಗೌರವವಾಗಿ ಹೆರ್ ಕಡೂರ್, ಅಂದ್ರೆ ಶ್ರೀಯುತ ಕಡೂರ್, ಅಂತಾರೆ. ಪಕ್ಕದ ಮನೆಯವರು ಇಲ್ಲದಾಗ ಅವರ ಪಾರ್ಸೆಲ್ಲು ಇವರ ಮನೇಲಿ, ಇವರದ್ದು ಅವರ ಮನೇಲಿ ಬಿಟ್ಟು ಹೋಗ್ತಾರೆ, ಹಾಗೆ ಪಾರ್ಸೆಲ್ ತಗೊಳ್ಳಕ್ಕೆ ಬಂದವರನ್ನೆಲ್ಲ ನಾನು ಕಂಡಿದ್ದು, ಇಲ್ದಿದ್ರೆ ಆ ಮೆಟ್ಟಿಲಲ್ಲಿ ಹಲೋಗಿಂತ ಹೆಚ್ಚು ಯಾರೂ ಮಾತಾಡಲ್ಲ.

ಸ್ಟುಟ್‌ಗಾರ್ಟ್ ಊರು ತಗ್ಗಲ್ಲಿದೆ, ಸುತ್ತ ಗುಡ್ಡ, ಗುಡ್ಡದ ಮೇಲೂ ಮನೆ, ಅಲ್ಲಲ್ಲಿ ನಡುವೆ ದ್ರಾಕ್ಷಿ ತೋಟ. ತೋಟಕ್ಕೆ ಹೋಗಿಬರಕ್ಕೆ ಮಾಡ್ಕೊಂಡಿದ್ದ ಕಲ್ಲು ಮೆಟ್ಟಿಲುಗಳೇ ಈಗ ಓಡಾಡೋ ದಾರಿ, ಅಂಥವು 400ಕ್ಕೂ ಹೆಚ್ಚಿವೆ, ನನ್ನ ಮಂಡಿಗೆ ಅವೆಲ್ಲವೂ ಗೊತ್ತಾದ ಹಾಗಿದೆ. ಅದಕ್ಕೇ ನಂಗೆ ಮಾರಿಯೆನ್‌ಪ್ಲಾಟ್ಸಿಂದ ಡೇಗೆರ್ಲೋಖ್‌ಗೆ ಹತ್ತೋ ಹಲ್ಲುಚಕ್ರದ ರೈಲೇ ಇಷ್ಟ ಆಗಿದ್ದು. 1884ರಿಂದ ಇರೋದು, ಸ್ವಿಟ್ಜರ್‌ಲ್ಯಾಂಡಲ್ಲಿ ಇಂಥದ್ದನ್ನ ಹತ್ತಕ್ಕೆ ಕೈತುಂಬ ದುಡ್ಡು ಕೊಟ್ಟಿದ್ವಿ, ಇಲ್ಲಿ ಸಿಟಿ ಬಸ್ಸಿನ ಟಿಕೆಟ್ಟೇ ಸಾಕು, ಜನ ಆಫೀಸಿಗೆ ಹೋಗ್ತಿರ್ತಾರೆ, ಮುಂದುಗಡೆ ಸೈಕಲ್ ಇಡಕ್ಕೇ ಒಂದು ಪುಟ್ಟ ಗಾಡಿ, ಯಾರೂ ಕಿಟಕೀಲಿ ನೋಡಲ್ಲ, ಎಲ್ಲರ ಕಣ್ಣೂ ಮೊಬೈಲಲ್ಲಿ.

ಒಂದಿನ ಟ್ಯೂಬಿಂಗನ್‌ಗೂ ಹೋದ್ವಿ, ರೈಲಲ್ಲಿ ಸುಮಾರು ಒಂದು ಗಂಟೆ. ಕಿಟೆಲ್ ತೀರಿಕೊಂಡ ಊರು ಅದು, 1903ರಲ್ಲಿ. 1894ರ ಅವರ ನಿಘಂಟು ನಮ್ಮ ತಾತನ ಕಪಾಟಲ್ಲಿತ್ತು, ಅದರಲ್ಲಿ ಅಡಿಗೆಮನೆ ಮಾತು, ಹೊಲಗದ್ದೆ ಮಾತು, ಗಾದೆ ಎಲ್ಲ ಇವೆ, ಈ ದೇಶದಿಂದ ಬಂದ ಪಾದ್ರಿಗಳು ನಮ್ಮ ಮನೆಗಳ ಒಳಗಿನ ಸಂಗತೀನ ಅಷ್ಟು ಕೇಳಿ ಕೇಳಿ ಬರ್ಕೊಂಡಿದ್ದಾರಲ್ಲ, ಯಾರ ಮನೆ ಹಿತ್ತಲಲ್ಲಿ ನಿಂತು ಏನು ಕೇಳಿದ್ರೋ. ನಾನಂತೂ ಡಬ್ಬಿ ಬಣ್ಣ ಕಲಿಯೋದ್ರಲ್ಲೇ ಸುಸ್ತಾಗಿದ್ದೆ.

ವಾಪಸ್ ಬಂದಾಗ ಮನೆ ಬಾಗಿಲ ಹಿಡಿಗೆ ಒಂದು ಬೋರ್ಡು ನೇತಾಡ್ತಿತ್ತು, ಕೇರ್‌ವೋಖೆ ಅಂತ. ಈ ವಾರ ಮೆಟ್ಟಿಲು ಗುಡಿಸಿ ಒರೆಸೋ ಸರದಿ ನಿಮ್ಮದು ಅಂತ ಅರ್ಥ, ಮುಗಿದ ಮೇಲೆ ಪಕ್ಕದವರ ಬಾಗಿಲಿಗೆ ತಗುಲಿಹಾಕ್ಬೇಕು. ಆ ಸೀಮೆಯವರಿಗೆ ಇದು ಬಹಳ ಹಳೇ ಹುಚ್ಚು, 1492ರಲ್ಲೇ ಎಬರ್‌ಹಾರ್ಡ್ ಅನ್ನೋ ಕೌಂಟು ಪ್ರತಿಯೊಬ್ರೂ ವಾರಕ್ಕೊಂದ್ಸಲ ತಮ್ಮನೆ ಸಗಣಿ ಗೊಬ್ಬರ ಆಚೆ ಸಾಗಿಸ್ಬೇಕು ಅಂತ ನಿಯಮ ಮಾಡಿದ್ನಂತೆ, ಫುಟ್‌ಪಾತ್ ಗುಡಿಸೋ ಕಡ್ಡಾಯನ ಸಿಟಿಯವರು 1988ರಲ್ಲಿ ಸಡಿಲ ಮಾಡಿದ್ರೂ ಬಾಡಿಗೆ ಕರಾರಲ್ಲಿ, ಕಟ್ಟಡದ ನಿಯಮಗಳಲ್ಲಿ ಅದು ಇನ್ನೂ ಭದ್ರವಾಗಿದೆ. ನಮ್ಮ ಹುಡುಗಿಗೆ ಆಫೀಸಿನ ಮೀಟಿಂಗು, ನಾನೇ ಪೊರಕೆ ತಗೊಂಡೆ. ಅವಳ ಮಗನೂ ಜೊತೆಗೆ ಬಂದ.

ಎದುರು ಮನೆ ಹೆಂಗಸು, ರಿಟೈರ್ ಆದವರು, ಬಾಗಿಲು ತೆಗೆದು ನಿಂತ್ಕೊಂಡು ಸ್ವಲ್ಪ ಹೊತ್ತು ನೋಡಿದ್ರು. ಮೂಲೆಗಳನ್ನ ಮಾತ್ರ ನೋಡಿದ್ರು ಅಂತ ನನ್ನ ಅನುಮಾನ. ಆಮೇಲೆ ಮುಖ ಸಡಿಲ ಮಾಡಿ ಹುಡುಗನ ಹತ್ರ ಏನೋ ಕೇಳಿದ್ರು. ನಿಮ್ಮ ದೇಶದಲ್ಲೂ ವಾರಕ್ಕೊಂದ್ಸಲ ಗುಡಿಸ್ತಾರಾ ಅಂತ ಕೇಳ್ತಿದ್ದಾರೆ ಅಂದ. ಏನು ಹೇಳ್ಳಿ ಅಂತ ನಾನು ಪೊರಕೆ ಹಿಡ್ಕೊಂಡು ಯೋಚಿಸ್ತಿರೋವಾಗ್ಲೇ ಅವನೇ ಜರ್ಮನ್ನಲ್ಲಿ ಉದ್ದಕ್ಕೆ ಉತ್ತರ ಕೊಟ್ಬಿಟ್ಟ. ಏನು ಹೇಳ್ದೆಯೋ ಅಂತ ಕೇಳಿದ್ರೆ, "ದಿನಾ ಗುಡಿಸ್ತಾರೆ ಅಂದೆ. ಆದ್ರೆ ಅಜ್ಜಿ ಗುಡಿಸಲ್ಲ, ಅವ್ರ ಮನೆಗೆ ಬೇರೆಯವ್ರು ಬಂದು ಗುಡಿಸ್ತಾರೆ ಅಂತ್ಲೂ ಹೇಳ್ದೆ."

ಅದಕ್ಕೆ ಆ ಹೆಂಗಸು ಏನೋ ಎರಡು ಮಾತು ಅಂದು ಬಾಗಿಲು ಹಾಕ್ಕೊಂಡ್ರು. ಅದನ್ನ ಅವನು ಕನ್ನಡದಲ್ಲಿ ಹೇಳ್ಲಿಲ್ಲ, ನಾನೂ ಕೇಳಕ್ಕೆ ಹೋಗ್ಲಿಲ್ಲ.