ಡಬಲ್ ಮಾರ್ಕರ್ ಮತ್ತು ಬಿಪಿ: ಸ್ಪಷ್ಟನೆ

ಉಡುಪಿ, ಬ್ರಹ್ಮಾವರ ಕಡೆಯ ತಾಯಂದಿರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ಡಬಲ್ ಮಾರ್ಕರ್ ರಿಪೋರ್ಟಿನಲ್ಲಿ ಪ್ಯಾಪ್-ಎ ಕಡಿಮೆ ಇದ್ದರೆ ಬಿಪಿ ಬರುವುದು ಗ್ಯಾರಂಟಿ, ಇವತ್ತೇ ಆಸ್ಪಿರಿನ್ ಶುರು ಮಾಡಿ. ನಾರ್ಮಲ್ ಇದ್ದರೆ ಬಿಪಿ ಚಿಂತೆ ಬೇಡ' ಅಂತ. ಎರಡೂ ತಪ್ಪು.

ಡಬಲ್ ಮಾರ್ಕರ್ ಎನ್ನುವುದು ಗರ್ಭಿಣಿಯರಿಗೆ 11ರಿಂದ 13 ವಾರದ ಹೊತ್ತಿಗೆ ಮಾಡುವ ರಕ್ತಪರೀಕ್ಷೆ. ಅದು ಮುಖ್ಯವಾಗಿ ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆಯ ಸಾಧ್ಯತೆ ನೋಡಲಿಕ್ಕೆ. ಪ್ಯಾಪ್-ಎ ಎನ್ನುವುದು ಮಾಸು, ಅಂದರೆ ಪ್ಲಾಸೆಂಟಾ, ತಯಾರಿಸುವ ಪ್ರೋಟೀನ್. ಅದು ಕಡಿಮೆಯಾದಾಗ ಪ್ರೀಎಕ್ಲಾಂಪ್ಸಿಯಾ, ಅಂದರೆ ಗರ್ಭಿಣಿಯರಿಗೆ ಬಿಪಿ ಏರಿ ಬರುವ ಅಪಾಯದ ಕಾಯಿಲೆ, ಅದರ ಸಾಧ್ಯತೆ ಸ್ವಲ್ಪ ಜಾಸ್ತಿ, ನಿಜ. ಆದರೆ ಕಡಿಮೆ ಇದ್ದ ಹೆಚ್ಚಿನವರಿಗೆ ಬಿಪಿ ಬರುವುದೇ ಇಲ್ಲ. ನಾರ್ಮಲ್ ಇದ್ದವರಿಗೂ ಬರಬಹುದು. ಅಂದಾಜು ಸರಿಯಾಗಬೇಕಾದರೆ ತಾಯಿಯ ಹಿನ್ನೆಲೆ, ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ ಸ್ಕ್ಯಾನ್, ಪಿಎಲ್‌ಜಿಎಫ್ ಎಂಬ ರಕ್ತಪರೀಕ್ಷೆ ಎಲ್ಲ ಸೇರಿಸಿ ನೋಡಬೇಕು. ಆಗಲೂ ಸಿಗುವುದು ಸಾಧ್ಯತೆ ಅಷ್ಟೇ, ಜಾತಕ ಅಲ್ಲ.

ಆಸ್ಪಿರಿನ್ ಮಾತು ಪೂರ್ತಿ ಸುಳ್ಳಲ್ಲ. 2017ರ ಆಸ್ಪ್ರೆ ಅಧ್ಯಯನದಲ್ಲಿ, ಹೀಗೆ ಎಲ್ಲ ಸೇರಿಸಿ ನೋಡಿ ಅಪಾಯ ಜಾಸ್ತಿ ಎಂದು ಗುರುತಿಸಿದವರಿಗೆ ದಿನಾ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯಾ ಸುಮಾರು 60 ಶೇಕಡಾ ಕಡಿಮೆಯಾಯಿತು. ಆದರೆ ಯಾರಿಗೆ, ಎಷ್ಟು, ಎಲ್ಲಿಯವರೆಗೆ ಎಂದು ಡಾಕ್ಟರೇ ಹೇಳಬೇಕು. ಮೆಡಿಕಲ್‌ನಿಂದ ಸುಮ್ನೆ ತಂದು ನುಂಗುವ ಮಾತ್ರೆ ಅಲ್ಲ.

ರಿಪೋರ್ಟ್ ಹೇಗೇ ಇರಲಿ, ಪ್ರತಿ ಚೆಕಪ್‌ನಲ್ಲೂ ಬಿಪಿ ನೋಡಿಸಿ. 140/90 ಮುಟ್ಟಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯೂ ಇದೆ.

ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.