ಯಾದಗಿರಿಯ ರಿಸಲ್ಟ್ ಸರಿಯಾಗಬೇಕಾದರೆ ಮೊದಲು ಒಂದನೇ ಕ್ಲಾಸಿಗೆ ಹೋಗಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಕಡೆಯವರು ಜಿಲ್ಲೆಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ. ಅದು ಅಭ್ಯಾಸವಾಗಿಬಿಟ್ಟಿದೆ. 2024ರಲ್ಲಿ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು, ಶೇ 50.59. ಮೊದಲ ಸ್ಥಾನದ ಉಡುಪಿ ಶೇ 94. 2025ರಲ್ಲಿ ಕೊನೆಗೆ ಬಂದದ್ದು ಪಕ್ಕದ ಕಲಬುರಗಿ, ಶೇ 42.43. ಆ ಒಂದು ದಿನ ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಾರೆ. ಟಿವಿಯಲ್ಲಿ ಚರ್ಚೆ ಆಗುತ್ತದೆ, ಅಧಿಕಾರಿಗಳಿಗೆ ನೋಟಿಸ್ ಹೋಗುತ್ತದೆ. ಜೂನ್ ಬಂದರೆ ಮತ್ತೆ ಹಳೆಯ ದಾರಿಯೇ.

ಈ ವಿಷಯ ನನ್ನ ಮನಸ್ಸಿನಲ್ಲಿ ತುಂಬಾ ದಿನದಿಂದ ಕುದಿಯುತ್ತಿದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

2022ರ ಜೂನ್‌ನಿಂದ 2024ರ ಏಪ್ರಿಲ್‌ವರೆಗೆ ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕನಾಗಿದ್ದೆ. ವಿಜ್ಞಾನ ಹೇಳಿಕೊಡುತ್ತಿದ್ದೆ. ಮೊದಲ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಹೆಚ್ಚುಕಡಿಮೆ ಖಾಲಿ ಹಾಳೆ ಕೊಟ್ಟಿದ್ದಳು. ಕ್ಲಾಸಿನಲ್ಲಿ ಗಮನವಿಟ್ಟು ಕೇಳುವ ಹುಡುಗಿ. ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ‘ಗಿಡ ತನ್ನ ಊಟ ಹ್ಯಾಂಗ ಮಾಡ್ಕೋತದವ್ವಾ?’ ಅಂತ ಬಾಯಿಮಾತಿನಲ್ಲೇ ಕೇಳಿದೆ. ಎಲೆ, ಬಿಸಿಲು, ನೀರು, ಗಾಳಿ ಎಲ್ಲವನ್ನೂ ಸರಿಯಾಗಿ ಹೇಳಿದಳು. ಹಾಗಾದರೆ ಯಾಕೆ ಬರೆಯಲಿಲ್ಲ? ಪ್ರಶ್ನೆಪತ್ರಿಕೆ ಕೈಗೆ ಕೊಟ್ಟು ಓದು ಅಂದೆ. ‘ದ್ಯುತಿಸಂಶ್ಲೇಷಣೆ’ ಅನ್ನುವ ಪದದ ಮೊದಲ ಅಕ್ಷರದಲ್ಲೇ ಬೆರಳಿಟ್ಟು ನಿಂತುಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು: ‘ಸರ, ನನಗ ಒತ್ತಕ್ಷರ ಓದಾಕ ಬರಂಗಿಲ್ರಿ.’

ಅವಳಿಗೆ ಉತ್ತರ ಗೊತ್ತಿತ್ತು. ಪ್ರಶ್ನೆ ಓದಲು ಬರುತ್ತಿರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಓದಿಸಿದೆ. ಅವಳಂಥವರು ತುಂಬಾ ಜನ ಇದ್ದರು. ಕೆಲವರು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತುಹೋಗಿರುತ್ತಿತ್ತು. ಇನ್ನು ಕೆಲವರು ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬರೆದಂತೆ ಚಂದವಾಗಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಏನು ಬರೆದೆವು ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಈ ಮಕ್ಕಳು ಒಂಬತ್ತು ವರ್ಷ ಶಾಲೆಯಲ್ಲಿ ಕೂತು ಬಂದವರು. ಒಂಬತ್ತು ವರ್ಷದಲ್ಲಿ ಯಾರೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ನೋಡಿರಲಿಲ್ಲವಾ?

ಇಂಥ ಮಕ್ಕಳಿಗೆ ನಾವು ಕೊಡುವ ಮದ್ದು ಯಾವುದು ಗೊತ್ತಾ? ಜನವರಿಯಲ್ಲಿ ಶುರುವಾಗುವ ವಿಶೇಷ ತರಗತಿ, ರಾತ್ರಿ ಓದು, ಒಬ್ಬೊಬ್ಬ ಶಿಕ್ಷಕರಿಗೆ ಇಷ್ಟಿಷ್ಟು ಮಕ್ಕಳ ದತ್ತು, ಪಾಸಿಂಗ್ ಪ್ಯಾಕೇಜ್. ಚಿತ್ರ ಬರೆಯೋದು ಕಲಿಸಿ, ಒಂದು ಅಂಕದ ಪ್ರಶ್ನೆ ಬಾಯಿಪಾಠ ಮಾಡಿಸಿ, ಹೇಗಾದರೂ ಪಾಸ್ ಮಾಡಿಸಿ ಅನ್ನುವ ಒತ್ತಡ. ನಾನೂ ಇದನ್ನೆಲ್ಲ ಮಾಡಿದ್ದೇನೆ. ರಾತ್ರಿ ಒಂಬತ್ತರವರೆಗೆ ಕೂತಿದ್ದೇನೆ. ಆ ಕೆಲಸ ಮಾಡುವ ಶಿಕ್ಷಕರ ಬಗ್ಗೆ ನನಗೆ ಗೌರವ ಇದೆ. ಆದರೆ ಓದಲು ಬಾರದ ಮಗುವನ್ನು ಮೂರು ತಿಂಗಳಲ್ಲಿ ಬೋರ್ಡ್ ಪರೀಕ್ಷೆಗೆ ತಯಾರು ಮಾಡಲು ಆಗುವುದಿಲ್ಲ.

2024ರ ಪರೀಕ್ಷೆಯಲ್ಲಿ ಇದು ಬಯಲಾಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. 2023ರಲ್ಲಿ ಶೇ 75.49 ಇದ್ದ ಯಾದಗಿರಿ ಒಂದೇ ವರ್ಷದಲ್ಲಿ ಶೇ 50.59ಕ್ಕೆ ಬಿತ್ತು. ಇಡೀ ರಾಜ್ಯವೇ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಜಾಸ್ತಿ ಮಾಡಿದ ಮೇಲೆ. ಒಂದು ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾಗುವುದಿಲ್ಲ. ಹಿಂದಿನ ವರ್ಷಗಳ ಅಂಕಿಯನ್ನು ನಾವು ನಂಬಿದ್ದೇ ತಪ್ಪು. ಕ್ಯಾಮೆರಾ ಹಾಕಿದ್ದು ಒಳ್ಳೆಯದೇ ಆಯಿತು ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಜ್ವರ ಎಷ್ಟಿದೆ ಅನ್ನುವುದಾದರೂ ಗೊತ್ತಾಯಿತಲ್ಲ.

ನಮ್ಮ ಹೈಸ್ಕೂಲಿಗೆ ಮಕ್ಕಳು ಬರುತ್ತಿದ್ದ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಒಂದು ಶನಿವಾರ ಹೋಗಿದ್ದೆ. ಒಂದರಿಂದ ಐದನೇ ಕ್ಲಾಸಿನ ಶಾಲೆ, ಇಬ್ಬರು ಶಿಕ್ಷಕರು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಕಾಗದದ ಮೇಲೆ ಎಲ್ಲ ಸರಿಯಿದೆ. ಅವತ್ತು ಒಬ್ಬರು ತಾಲೂಕು ಕೇಂದ್ರದ ಸಭೆಗೆ ಹೋಗಿದ್ದರು. ಉಳಿದವರೊಬ್ಬರೇ ಐದೂ ಕ್ಲಾಸು ನೋಡಬೇಕು, ಬಿಸಿಯೂಟ ನೋಡಬೇಕು, ಮೊಟ್ಟೆ ಲೆಕ್ಕ ಬರೆಯಬೇಕು, ಆನ್‌ಲೈನ್‌ನಲ್ಲಿ ಹಾಜರಿ ಹಾಕಬೇಕು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡು ನೋಡಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿಕಲಿ ಕೋಣೆಯ ಗೋಡೆ ಮೇಲೆ ಕಲಿಕಾ ಏಣಿ ಇತ್ತು, ಕಾರ್ಡುಗಳು ಅಚ್ಚುಕಟ್ಟಾಗಿ ಜೋಡಿಸಿದ್ದವು. ಮಕ್ಕಳೂ ತಟ್ಟೆಯ ಪ್ರಕಾರ, ಅಂದರೆ ಗುಂಪು ಗುಂಪಾಗಿ, ಸುತ್ತಲೂ ಕೂತಿದ್ದರು. ಕಾರ್ಡು ಹಿಡಿದ ಮಗುವಿನ ಹತ್ತಿರ ಕೂತು ಕೇಳಿಸಿಕೊಳ್ಳುವವರು ಮಾತ್ರ ಇರಲಿಲ್ಲ.

ನಲಿಕಲಿ ನಮ್ಮ ರಾಜ್ಯದ್ದೇ ಹೆಮ್ಮೆಯ ಕೆಲಸ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು ಕಟ್ಟಿದ್ದು. 2009–10ರಿಂದ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಎಚ್.ಡಿ.ಕೋಟೆಯಲ್ಲಿ ಅದು ಬೆಳೆದದ್ದು ಶಿಕ್ಷಕರು ಅದನ್ನು ತಮ್ಮದು ಅಂದುಕೊಂಡಿದ್ದರಿಂದ. ನಮ್ಮಲ್ಲಿ ಕಾರ್ಡು ಬಂತು, ಆ ಶಿಕ್ಷಕ ಬರಲಿಲ್ಲ. ಬಂದವರೂ ಎರಡು ವರ್ಷಕ್ಕೆ ವರ್ಗ ಆಗಿ ಹೋದರು. ನಲಿಕಲಿಯಲ್ಲಿ ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಅನ್ನುವುದು ಶಿಕ್ಷಕರ ತಲೆಯಲ್ಲಿರಬೇಕು. ಜೂನ್‌ಗೊಮ್ಮೆ ಶಿಕ್ಷಕರು ಬದಲಾದರೆ ಆ ಮಗು ಮತ್ತೆ ಕೆಳಗಿನ ಮೆಟ್ಟಿಲಿಗೇ ಬರುತ್ತದೆ.

ಆದ್ದರಿಂದ ನಾನು ಕೇಳುವುದು ಮುಖ್ಯವಾಗಿ ಒಂದೇ. ಜಿಲ್ಲೆಯ ಒಳ್ಳೆಯ ಕಾಯಂ ಶಿಕ್ಷಕರನ್ನು ಒಂದರಿಂದ ಮೂರನೇ ಕ್ಲಾಸಿಗೆ ಕೊಡಿ. ಕನಿಷ್ಠ ಮೂರು ವರ್ಷ ಅವರನ್ನು ಅಲ್ಲಿಂದ ಅಲುಗಾಡಿಸಬೇಡಿ. ಬೇರೆ ಯಾವ ಕೆಲಸಕ್ಕೂ ಕಳಿಸಬೇಡಿ. ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ಪ್ರತಿ ಮಗು ಒಂದು ಪುಟದ ಕಥೆ ಓದಿ, ಕಥೆಯಲ್ಲಿ ಏನಾಯಿತು ಅಂತ ತನ್ನ ಮಾತಿನಲ್ಲಿ ಹೇಳಬೇಕು. ಡಿಸಿ, ಜಿಲ್ಲಾ ಪಂಚಾಯಿತಿ ಸಿಇಒ ಮಾಡುವ ಸಭೆಗಳಲ್ಲಿ ಬಿಇಒಗಳಿಗೆ (ತಾಲೂಕಿನ ಶಿಕ್ಷಣಾಧಿಕಾರಿಗಳಿಗೆ) ಈ ಲೆಕ್ಕ ಕೇಳಿ. ನಿಮ್ಮ ತಾಲೂಕಿನಲ್ಲಿ ಓದಲು ಬರುವ ಮೂರನೇ ಕ್ಲಾಸಿನ ಮಕ್ಕಳು ಎಷ್ಟು? ಎಸ್ಸೆಸ್ಸೆಲ್ಸಿ ಬಗ್ಗೆ ಕೇಳುವಷ್ಟೇ ಜೋರಾಗಿ ಕೇಳಿ. ಮೇಲಿನವರು ಏನು ಕೇಳುತ್ತಾರೋ ಕೆಳಗೆ ಅದೇ ಕೆಲಸ ಆಗುತ್ತದೆ. ಇದು ನಾನು ಕಣ್ಣಾರೆ ಕಂಡದ್ದು.

ಈಗಾಗಲೇ ಹೈಸ್ಕೂಲಿಗೆ ಬಂದುಬಿಟ್ಟ ಮಕ್ಕಳ ಗತಿ ಏನು ಅಂತ ಕೇಳುತ್ತೀರಿ. ಅವರನ್ನು ಹತ್ತರವರೆಗೆ ಕಾಯಿಸಬಾರದು. ಎರಡನೇ ವರ್ಷ ನಾನು ಎಂಟನೇ ಕ್ಲಾಸಿನವರಿಗೆ ಊಟ ಆದ ಮೇಲೆ ದಿನಾ ಅರ್ಧ ಗಂಟೆ ಓದಿಸುತ್ತಿದ್ದೆ. ಮೊದಲು ಎರಡನೇ ಕ್ಲಾಸಿನ ಪುಸ್ತಕ ತಂದೆ. ಅವರಿಗೆ ನಾಚಿಕೆಯಾಗಿ ಬಾಯಿ ಬಿಡಲಿಲ್ಲ. ಆಗ ಬೀಜದ ಪಾಕೀಟು, ಮದುವೆ ಕಾರ್ಡು, ಬಸ್ಸಿನ ಬೋರ್ಡು, ಪೇಪರಿನ ಕ್ರಿಕೆಟ್ ಸುದ್ದಿ ಇಟ್ಟೆ. ಮದುವೆ ಕಾರ್ಡಿನಲ್ಲಿ ತಮ್ಮ ಅತ್ತೆ, ಮಾವಂದಿರ ಹೆಸರು ಹುಡುಕುತ್ತಾ ಓದಲು ಶುರು ಮಾಡಿದರು. ಸಂಕ್ರಾಂತಿ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಪೇಪರಿನ ಒಂದು ಸಣ್ಣ ಸುದ್ದಿಯನ್ನು ತಾವೇ ಓದುತ್ತಿದ್ದರು. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ಟೈಮ್‌ಟೇಬಲ್‌ನಲ್ಲಿ ಅರ್ಧ ಗಂಟೆ ಬೇಕಾಯಿತು, ಅಷ್ಟೇ.

ಉಳಿದ ಮಕ್ಕಳಿಗೆ ಯಾಕೆ ಬರಲಿಲ್ಲ? ಅವರು ಶಾಲೆಯಲ್ಲೇ ಇರಲಿಲ್ಲ.

ನಮ್ಮ ಭಾಗದಲ್ಲಿ ದಸರಾ ರಜೆ ಮುಗಿದ ಮೇಲೆ ಕ್ಲಾಸುಗಳು ಅರ್ಧ ಖಾಲಿ ಇರುತ್ತವೆ. ಅಕ್ಟೋಬರ್‌ನಿಂದ ಜನವರಿವರೆಗೆ ಹತ್ತಿ ಬಿಡಿಸುವ ಕಾಲ. ಬೆಳಿಗ್ಗೆ ಏಳಕ್ಕೇ ಟಂಟಂ, ಕ್ರೂಸರ್ ಊರೊಳಗೆ ಬಂದು ನಿಲ್ಲುತ್ತವೆ. ಹೆಂಗಸರ ಜೊತೆ ಮಕ್ಕಳೂ ಹತ್ತುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. ಒಬ್ಬ ತಾಯಿಯ ಮನೆಗೆ ಹೋಗಿ ಕೇಳಿದ್ದೆ. ‘ಹತ್ತಿ ಮುಗಿದ ಮ್ಯಾಲ ಕಳಸ್ತೀನ್ರಿ ಸರ. ಈಗ ಬಿಡಿಸ್ಲಿಲ್ಲಂದ್ರ ವರ್ಷಪೂರ್ತಿ ಏನ್ ತಿನ್ನೋದ್ರಿ?’ ಅಂದರು. ನಾನು ಏನು ಹೇಳಲಿ? ಅವರ ಮುಂದೆ ಕಾನೂನು ಮಾತಾಡುವ ಮನಸ್ಸು ನನಗೆ ಬರಲಿಲ್ಲ. ಕಾನೂನು ಮಾತಾಡಬೇಕಾದದ್ದು ಹದಿನಾಲ್ಕು ತುಂಬದ ಮಕ್ಕಳನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗುವವರ ಹತ್ತಿರ, ಕೆಲಸಕ್ಕೆ ಕರೆಯುವ ಹೊಲದ ಮಾಲೀಕರ ಹತ್ತಿರ. ಊರಿಗೆ ಯಾವ ಗಾಡಿ ಬರುತ್ತದೆ ಅಂತ ಗ್ರಾಮ ಪಂಚಾಯಿತಿಗೆ ಗೊತ್ತಿಲ್ಲದೇ ಇರುವುದಿಲ್ಲ. ಸೆಪ್ಟೆಂಬರ್‌ನಲ್ಲೇ ಪಂಚಾಯಿತಿ, ಪೊಲೀಸರು, ಶಾಲೆಯವರು ಒಟ್ಟಿಗೆ ಕೂತು ಗಾಡಿಯವರನ್ನು ಕರೆಸಿ ಹೇಳಿದರೆ ಅರ್ಧ ಕೆಲಸ ಆಗುತ್ತದೆ.

ಇನ್ನು ಗುಳೆ. ಸುಗ್ಗಿ ಮುಗಿದ ಮೇಲೆ ಇಡೀ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಇಂಥ ಮಕ್ಕಳಿಗಾಗಿಯೇ ಋತುಮಾನ ಹಾಸ್ಟೆಲ್ ಅನ್ನುವ ವ್ಯವಸ್ಥೆ ಸರ್ಕಾರದಲ್ಲಿ ಇದೆ. ಅಪ್ಪ ಅವ್ವ ಹೋದರೂ ಮಕ್ಕಳು ಊರಲ್ಲೇ ಉಳಿದು ಓದಬಹುದು. ನಾನಿದ್ದ ಕಡೆ ಅದರ ಮಾತು ಶುರುವಾಗುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಹಾಸ್ಟೆಲ್ ಬಾಗಿಲು ಗುಳೆಗಿಂತ ಮೊದಲು ತೆರೆಯಬೇಕು. ಹಾಗಾದರೆ ಮಾತ್ರ ತಾಯಂದಿರು ನಂಬಿ ಮಗುವನ್ನು ಬಿಟ್ಟು ಹೋಗುತ್ತಾರೆ.

ಮನೆಯಲ್ಲಿ ಓದಿಸಲಿ ಅನ್ನುವವರಿಗೆ ಒಂದು ಮಾತು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಹೆಂಗಸರಲ್ಲಿ ಬರೀ ಶೇ 41.38. ಇವತ್ತಿನ ಎಷ್ಟೋ ಮಕ್ಕಳ ತಾಯಂದಿರು ಅವರೇ. ಈ ಮಕ್ಕಳಿಗೆ ಓದು ಸಿಗುವುದು ಶಾಲೆಯಲ್ಲಿ ಮಾತ್ರ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಗುರುಮಠಕಲ್ ಕಡೆಯ ಮಗು ತೆಲುಗು. ಪುಸ್ತಕದ ಕನ್ನಡ ಅವರಿಗೆ ಹೊಸ ಭಾಷೆ. ಒಂದನೇ ಕ್ಲಾಸಿನಲ್ಲಿ ಆ ಮಗು ಸುಮ್ನೆ ಕೂತಿದ್ದರೆ ದಡ್ಡ ಅಂತ ತಿಳಿಯಬಾರದು. ಅದೇ ತಾಂಡಾದ ಪಿಯುಸಿ ಓದಿದ ಹೆಣ್ಣುಮಗಳೊಬ್ಬಳು ಮೊದಲ ವರ್ಷ ಆ ಕೋಣೆಯಲ್ಲಿ ಜೊತೆಗಿದ್ದರೆ ಎಷ್ಟು ಅನುಕೂಲ ಅಲ್ವಾ?

ದುಡ್ಡಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಹೇಳಿದ್ದಾರೆ. ಕೋಣೆ ಬೇಕು, ಶೌಚಾಲಯ ಬೇಕು, ಬೇಡ ಅನ್ನುವುದಿಲ್ಲ. ಆದರೆ ಸ್ಮಾರ್ಟ್ ಬೋರ್ಡ್ ಹಾಕಿದ ಕೋಣೆಯಲ್ಲಿ ಶಿಕ್ಷಕರೇ ಇಲ್ಲದಿದ್ದರೆ ಏನು ಪ್ರಯೋಜನ? ಅದೇ ದುಡ್ಡಿನಲ್ಲಿ ದೊಡ್ಡ ಹಳ್ಳಿಗಳಲ್ಲಿ ಶಿಕ್ಷಕರಿಗೆ ವಾಸಕ್ಕೆ ಮನೆ ಕಟ್ಟಿಸಿ. ಬಹಳಷ್ಟು ಶಿಕ್ಷಕಿಯರು ತಾಲೂಕು ಕೇಂದ್ರದಿಂದ ಎರಡು ಬಸ್ ಬದಲಿಸಿ ಬರುತ್ತಾರೆ. ಒಂದು ಬಸ್ ತಪ್ಪಿದರೆ ಮೊದಲ ಪೀರಿಯಡ್ ಹೋಯಿತು. ವರ್ಗಾವಣೆಗೆ ಅವರು ಅರ್ಜಿ ಹಾಕುವುದು ಮಕ್ಕಳ ಮೇಲಿನ ಬೇಸರಕ್ಕಲ್ಲ.

ಅತಿಥಿ ಶಿಕ್ಷಕರ ವಿಷಯ ಹೇಳದೆ ಇರಲಾರೆ. ಮೇ ಕೊನೆಗೆ ಶಾಲೆ ಶುರುವಾಗುತ್ತದೆ, ನಮ್ಮ ಆದೇಶ ಬರುವುದು ಆಮೇಲೆ. ಮೊದಲ ವರ್ಷದ ಮೊದಲ ಸಂಬಳ ನನ್ನ ಕೈಗೆ ಬಂದದ್ದು ದಸರಾ ಹೊತ್ತಿಗೆ. ತಿಂಗಳಿಗೆ ಹತ್ತು ಹನ್ನೆರಡು ಸಾವಿರಕ್ಕೆ ದುಡಿಯುವವರನ್ನು ನಾಲ್ಕು ತಿಂಗಳು ಕಾಯಿಸಿದರೆ ಯಾರು ಉಳಿಯುತ್ತಾರೆ? ನನ್ನ ಜೊತೆ ಇದ್ದ ಗಣಿತದವರು ನಡುವೆಯೇ ಬಿಟ್ಟು ಹೋದರು. ಮಕ್ಕಳಿಗೆ ಆ ವರ್ಷ ಗಣಿತ ಅರ್ಧಕ್ಕೇ ನಿಂತಿತು. ಮೇ ತಿಂಗಳಲ್ಲೇ ಆದೇಶ, ತಿಂಗಳು ತಿಂಗಳಿಗೆ ಸಂಬಳ. ಇಷ್ಟು ಕಷ್ಟದ ಕೆಲಸವೇ?

ಮನಸ್ಸಿದ್ದರೆ ಆಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದದ್ದು ನಮ್ಮಂಥ ಹಿಂದುಳಿದ ಜಿಲ್ಲೆಗಳಲ್ಲೇ. ಎಷ್ಟು ವಿರೋಧ ಬಂತು ನೆನಪಿದೆಯಾ? ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ತಿನ್ನದ ಗದಗಿನ ಮಕ್ಕಳನ್ನೂ ಹೋಲಿಸಿ ನೋಡಿದರು. ನಮ್ಮ ಮಕ್ಕಳ ತೂಕ ಚೆನ್ನಾಗಿ ಏರಿತ್ತು. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಹೋಯಿತು. ಎಷ್ಟೋ ಪಟ್ಟಿಗಳಲ್ಲಿ ಕೊನೆಗಿರುವ ಯಾದಗಿರಿಯ ಮಕ್ಕಳಿಂದ ರಾಜ್ಯದ ಎಲ್ಲ ಮಕ್ಕಳಿಗೂ ಒಳ್ಳೆಯದಾಯಿತು. ನನಗೆ ಅದು ದೊಡ್ಡ ಸಂತೋಷ.

ಆ ಹುಡುಗಿಯ ಬಗ್ಗೆ ಕೇಳಬಹುದು. ಪರೀಕ್ಷೆಯಲ್ಲಿ ಮೂರು ವಿಷಯ ಉಳಿಯಿತು. ಮತ್ತೆ ಕಟ್ಟು ಅಂತ ಮನೆಗೆ ಹೋಗಿ ಹೇಳಿದೆ, ಫೀಸು ನಾನೇ ಕೊಡುತ್ತೇನೆ ಅಂದೆ. ಅಷ್ಟರಲ್ಲಿ ಅಕ್ಕನ ಜೊತೆ ಬೆಂಗಳೂರಿಗೆ ಹೋಗುವುದು ನಿಶ್ಚಯವಾಗಿತ್ತು. ಈಗ ಅಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದಾಳೆ.

ಅವಳ ತಂಗಿ ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಮೂರನೇ ಕ್ಲಾಸು. ನಾನು ಈಗ ಕಲಬುರಗಿಯಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಬರುವ ಶನಿವಾರ ಇಬ್ಬರು ಗೆಳೆಯರ ಜೊತೆ ಆ ಶಾಲೆಗೆ ಹೋಗುತ್ತಿದ್ದೇನೆ. ಎಚ್‌ಎಂ ಒಪ್ಪಿದ್ದಾರೆ, ಶಾಲೆಯ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರೂ ಬರುತ್ತೇನೆ ಅಂದಿದ್ದಾರೆ. ಮೂರನೇ ಕ್ಲಾಸಿನ ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸುತ್ತೇವೆ. ಯಾರಿಗೆ ಎಲ್ಲಿ ತಡೆಯುತ್ತದೆ ಅಂತ ಬರೆದುಕೊಂಡು ಅವರ ಟೀಚರ್ ಕೈಗೆ ಕೊಡುತ್ತೇವೆ. ಸುತ್ತಮುತ್ತಲಿನ ಊರಿನವರು ಯಾರಾದರೂ ಬರುವುದಾದರೆ ಬನ್ನಿ. ಶನಿವಾರದ ಶಾಲೆ ಬೆಳಗಿನದು, ಎಂಟು ಗಂಟೆಗೆ ಅಲ್ಲಿರಬೇಕು.