ಖಾಸಗಿ ಪ್ಯಾರಾಮೆಡಿಕಲ್ ಕಾಲೇಜು: ಕೊಟ್ಟ ಶುಲ್ಕಕ್ಕೆ ತಕ್ಕ ತರಬೇತಿ ದೊರೆಯುತ್ತಿದೆಯೇ?

ಪರ: ದೂರುವವರು ಬದಲಿ ದಾರಿ ತೋರಿಸಲಿ

ಈ ಚರ್ಚೆಯಲ್ಲಿ ಪರ ವಹಿಸಿ ಬರೆಯಬೇಕೆಂದು ಸಂಪಾದಕರು ಕೇಳಿದಾಗ ನಾನು ಕೊಂಚ ಹಿಂದೆಮುಂದೆ ನೋಡಿದ್ದು ನಿಜ. ಖಾಸಗಿ ಪ್ಯಾರಾಮೆಡಿಕಲ್ ಕಾಲೇಜುಗಳ ನಡವಳಿಕೆಯನ್ನೆಲ್ಲ ಸಮರ್ಥಿಸಲು ನಾನು ಸಿದ್ಧನಿಲ್ಲ. ಆದರೆ ಅವು ಇಲ್ಲದೇ ಹೋಗಿದ್ದರೆ ನಮ್ಮ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಿಗೆ ತಂತ್ರಜ್ಞರು ಎಲ್ಲಿಂದ ಬರುತ್ತಿದ್ದರು ಎಂಬ ಪ್ರಶ್ನೆಗೆ ಟೀಕಾಕಾರರು ಯಾರೂ ನೇರವಾಗಿ ಉತ್ತರಿಸಿದ್ದನ್ನು ನಾನು ಕಂಡಿಲ್ಲ.

ಒಂದು ಕಾಲಕ್ಕೆ ಜಿಲ್ಲಾಸ್ಪತ್ರೆಗೇ ಹೋಗಬೇಕಾಗಿದ್ದ ಡಯಾಲಿಸಿಸ್ ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ದೊರೆಯುತ್ತಿದೆ. ಊರೂರಿನ ನರ್ಸಿಂಗ್ ಹೋಮುಗಳಿಗೆ ಎಕ್ಸ್-ರೇ ತೆಗೆಯುವವರು, ಆಪರೇಷನ್ ಥಿಯೇಟರಿನಲ್ಲಿ ನಿಲ್ಲುವವರು, ರಾತ್ರಿ ಪಾಳಿಯಲ್ಲಿ ರಕ್ತ ಪರೀಕ್ಷೆ ಮಾಡುವವರು ಬೇಕು. ಇಷ್ಟು ಜನರನ್ನು ಸರ್ಕಾರಿ ಸಂಸ್ಥೆಗಳ ಸೀಟುಗಳಿಂದಲೇ ಒದಗಿಸುವುದು ಆಗದ ಮಾತು. ವೈದ್ಯಕೀಯ ಸೀಟಿನ ಆಸೆಯನ್ನೂ ಇಟ್ಟುಕೊಳ್ಳಲಾಗದ ಮನೆಯ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿಯ ನಂತರ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಡಿಪ್ಲೊಮಾ ಓದಿ, ಪ್ಯಾರಾಮೆಡಿಕಲ್ ಬೋರ್ಡಿನ ಪರೀಕ್ಷೆ ಪಾಸು ಮಾಡಿ ಸಂಬಳ ತರುತ್ತಾಳೆಂದರೆ ಅದು ಸಣ್ಣ ಸಂಗತಿಯಲ್ಲ.

ಲಾಭಕೋರತನದ ಆರೋಪವನ್ನೂ ಅಳೆದು ನೋಡಬೇಕು. ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ 2002ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು ಶಿಕ್ಷಣದಲ್ಲಿ ಲಾಭಕೋರತನ ಸಲ್ಲದು ಎಂದರೂ, ಸಂಸ್ಥೆಯ ಬೆಳವಣಿಗೆಗೆ ಬೇಕಾದ ನ್ಯಾಯಯುತ ಹೆಚ್ಚುವರಿ ಆದಾಯಕ್ಕೆ ಅಡ್ಡಿಯಿಲ್ಲ ಎಂದೇ ಹೇಳಿತು. ಕಾಲೇಜಿಗೆ ಅಂಟಿಕೊಂಡ ಆಸ್ಪತ್ರೆಯಲ್ಲಿ ರೋಗಿಗಳೇ ಇರುವುದಿಲ್ಲ ಎಂಬ ದೂರಂತೂ ಸವೆದುಹೋಗಿದೆ. ಪ್ರತಿ ವಿದ್ಯಾರ್ಥಿಗೂ ಒಬ್ಬೊಬ್ಬ ರೋಗಿಯನ್ನು ಗೊತ್ತುಮಾಡಿ ಮಂಚದ ಮೇಲೆ ಮಲಗಿಸಿಡಿ ಎಂದು ಕೇಳಿದರೆ ಅದನ್ನು ಯಾವ ಸರ್ಕಾರಿ ಕಾಲೇಜೂ ಪೂರೈಸಲಾರದು. ಕೈಕೆಲಸ ಪಳಗುವುದು ಏನಿದ್ದರೂ ನೌಕರಿಗೆ ಸೇರಿದ ಮೇಲೆಯೇ.

ನಾನು ಇಂಥ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳಿದ್ದೇನೆ. ಮೈಕ್ರೋಸ್ಕೋಪುಗಳು ಹಳೆಯವು, ಸಂಬಳ ತಡವಾಗುತ್ತಿತ್ತು. ಆದರೂ ಕೇಳಿ ಕಲಿಯುವ ಮಕ್ಕಳು ಕಲಿತರು, ತರಗತಿಗೆ ಬಾರದವರು ಕಲಿಯಲಿಲ್ಲ. 2021ರ ಕೇಂದ್ರ ಕಾಯ್ದೆಯು ಈ ವೃತ್ತಿಗಳ ಕನಿಷ್ಠ ಅರ್ಹತೆಗೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಹಂಚಿದ 2,000 ಗಂಟೆಗಳಿಗೆ ಕಡಿಮೆಯಿಲ್ಲದ ಕಲಿಕೆಯನ್ನು ನಿಗದಿಪಡಿಸಿರುವುದರಿಂದ, ಆರು ತಿಂಗಳಿನಲ್ಲಿ ಸರ್ಟಿಫಿಕೇಟು ಹಂಚುವವರು ತಾವಾಗಿಯೇ ಬದಿಗೆ ಸರಿಯುತ್ತಾರೆ. ಉಳಿದವರಿಗೆ ಸುಧಾರಿಸಿಕೊಳ್ಳಲು ಕಾಲಾವಕಾಶ ಕೊಡುವುದು ನ್ಯಾಯ.

ವಿರೋಧ: ಮನುಷ್ಯರ ತೋಳನ್ನೇ ಮುಟ್ಟಿಸದೆ ಕೊಟ್ಟ ಡಿಪ್ಲೊಮಾ

ಸರ್ಕಾರಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ದುಡಿಯುತ್ತಿರುವ ನನ್ನ ಬಳಿಗೆ ಹೊಸದಾಗಿ ಡಿಪ್ಲೊಮಾ ಮುಗಿಸಿದ ಮಕ್ಕಳು ಕೆಲಸ ಕಲಿಯಲು ಬರುತ್ತಲೇ ಇರುತ್ತಾರೆ. ಅವರಲ್ಲಿ ಬಹಳ ಮಂದಿ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ತರಗತಿಗೆ ಬಾರದ ವಿದ್ಯಾರ್ಥಿಗಳದೇ ತಪ್ಪು ಎಂದು ಕೈತೊಳೆದುಕೊಳ್ಳುವ ಕಾಲೇಜಿನವರು, ತರಗತಿಗೆ ಬಂದವರಿಗೆ ತಾವು ಏನನ್ನು ಕಲಿಸಿದೆವು ಎಂಬುದನ್ನು ಮೊದಲು ಹೇಳಬೇಕು.

ನನ್ನ ಅಕ್ಕನ ಮಗಳ ವಿಷಯವನ್ನೇ ಹೇಳುತ್ತೇನೆ. ಪಿಯುಸಿ ವಿಜ್ಞಾನ ಮುಗಿಸಿದ ಅವಳು ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾಕ್ಕೆ ಸೇರಿದಾಗ, ನೂರು ಶೇಕಡಾ ನೌಕರಿ ಎಂದು ಬರೆದಿದ್ದ ಬಣ್ಣದ ಕರಪತ್ರವನ್ನು ನಂಬಿ ಭಾವ ಚಿನ್ನ ಅಡವಿಟ್ಟು ಶುಲ್ಕ ಕಟ್ಟಿದರು. ಪ್ರಯೋಗಾಲಯದಲ್ಲಿದ್ದ, ರಕ್ತದ ಅಂಶಗಳನ್ನು ಅಳೆಯುವ ಸೆಮಿ ಆಟೋ ಅನಲೈಜರ್ ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇತ್ತು; ಪರೀಕ್ಷೆಗೆ ಬಳಸುವ ರಾಸಾಯನಿಕ, ಅಂದರೆ ರೀಏಜೆಂಟ್, ದುಬಾರಿ ಎಂಬ ಕಾರಣಕ್ಕೆ ಆ ಹೊದಿಕೆಯನ್ನು ತೆಗೆಯುತ್ತಿರಲಿಲ್ಲ. ರಕ್ತ ತೆಗೆಯುವುದನ್ನು ಅಭ್ಯಾಸ ಮಾಡಲು ರಬ್ಬರಿನ ತೋಳು ಒಂದಿತ್ತು, ಅದು ಕೂಡ ಸೂಜಿ ಚುಚ್ಚಿ ಚುಚ್ಚಿ ಸೋರುತ್ತಿತ್ತು. ಆಸ್ಪತ್ರೆ ಪೋಸ್ಟಿಂಗ್ ಎಂದು ವೇಳಾಪಟ್ಟಿಯಲ್ಲಿ ಬರೆದಿದ್ದ ದಿನಗಳಲ್ಲಿ ಮಕ್ಕಳು ಹಳೆಯ ಬ್ಯಾಚಿನ ರೆಕಾರ್ಡ್ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡುತ್ತಿದ್ದರು. ಮಾಡದ ಪರೀಕ್ಷೆಗಳ ಫಲಿತಾಂಶಗಳು, ಚಿತ್ರಗಳ ಸಮೇತ ಅಂದವಾದ ಅಕ್ಷರದಲ್ಲಿ ಆ ಪುಸ್ತಕದಲ್ಲಿವೆ, ಪುಟಪುಟಕ್ಕೂ ಸಹಿ ಇದೆ. ಇನ್‌ಸ್ಪೆಕ್ಷನ್ ಇದ್ದ ದಿನ ಮಾತ್ರ, ಉಚಿತ ತಪಾಸಣೆಯ ಹೆಸರಿನಲ್ಲಿ ಸುತ್ತಲ ಹಳ್ಳಿಗಳಿಂದ ಕರೆತಂದ ಜನರಿಂದ ಕಾಲೇಜಿನ ಆಸ್ಪತ್ರೆ ತುಂಬಿತ್ತು.

ಪರೀಕ್ಷೆಯಲ್ಲಿ ಅವಳು ಒಳ್ಳೆಯ ಅಂಕ ಪಡೆದಳು. ನಂತರ ನನ್ನ ಬಳಿ ಕೆಲಸ ಕಲಿಯಲು ಬಂದಾಗ ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರ ರಕ್ತದ ವರದಿಯಲ್ಲಿ ಪೊಟ್ಯಾಸಿಯಂ 14ರ ಮೇಲಿತ್ತು, ಕ್ಯಾಲ್ಸಿಯಂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರಬೇಕು. 14 ಇರುವ ಮನುಷ್ಯರು ಹೊರಗೆ ಬೆಂಚಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುವುದು ಸಾಧ್ಯವಿಲ್ಲ. ವಿಚಾರಿಸಿದರೆ, ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಸಾಲದಾಗಿದ್ದರಿಂದ ನೇರಳೆ ಮುಚ್ಚಳದ ಟ್ಯೂಬಿನದನ್ನೇ ಅದಕ್ಕೆ ಸುರಿದಿದ್ದಳು. ನೇರಳೆ ಮುಚ್ಚಳದೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇ.ಡಿ.ಟಿ.ಎ. ಇರುತ್ತದೆ, ಅದು ಪೊಟ್ಯಾಸಿಯಂ ಲವಣದ ರೂಪದಲ್ಲಿರುವುದಲ್ಲದೆ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಇದು ಮೊದಲ ತಿಂಗಳಿನಲ್ಲಿಯೇ ಕಲಿಸಬೇಕಾದ ಪಾಠ. "ಇ.ಡಿ.ಟಿ.ಎ. ಬಗ್ಗೆ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದಿದ್ದೇನೆ ಚಿಕ್ಕಮ್ಮ, ಆದರೆ ಟ್ಯೂಬನ್ನು ಕೈಯಲ್ಲಿ ಹಿಡಿದದ್ದು ಇಲ್ಲಿಗೆ ಬಂದ ಮೇಲೆಯೇ" ಎಂದಳು. ಆ ವರದಿ ಹಾಗೆಯೇ ವೈದ್ಯರ ಕೈಸೇರಿ, ಪೊಟ್ಯಾಸಿಯಂ ಇಳಿಸುವ ಔಷಧಿಯನ್ನು ಅವರು ಅವಸರದಲ್ಲಿ ಆರಂಭಿಸಿಬಿಟ್ಟಿದ್ದರೆ, ಏನೂ ಆಗದಿದ್ದ ಆ ಹೆಂಗಸಿನ ಗತಿ ಏನಾಗುತ್ತಿತ್ತು? ಕೈಕೆಲಸ ನೌಕರಿಗೆ ಸೇರಿದ ಮೇಲೆ ಪಳಗುತ್ತದೆ ಎನ್ನುವವರು, ಅದು ಯಾರ ಮೈಮೇಲೆ ಪಳಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಸರ್ಕಾರಿ ಸೀಟುಗಳು ಸಾಲವು ಎಂಬ ವಾದವನ್ನು ಕೇಳಿ ಕೇಳಿ ಸಾಕಾಗಿದೆ. ಅಂಗಡಿಯಲ್ಲಿ ಅಕ್ಕಿ ಇಲ್ಲವೆಂದು ಮರಳನ್ನು ತೂಗಿ ಕೊಡುವುದನ್ನು ಯಾರೂ ಸೇವೆ ಎನ್ನುವುದಿಲ್ಲ.

ಕಾನೂನಿನ ಕಡೆಗೆ ನೋಡಿದರೂ ಹೆಚ್ಚಿನ ಆಸರೆಯಿಲ್ಲ. ಇಂಥ ಕಾಲೇಜುಗಳು ಹೆಸರಿಗೆ ಟ್ರಸ್ಟುಗಳು, ಆದ್ದರಿಂದ ಲೆಕ್ಕಪತ್ರದಲ್ಲಿ ಲಾಭವೆಂಬುದೇ ಕಾಣದು. ಹಣಕ್ಕೆ ತಕ್ಕ ತರಬೇತಿ ಸಿಗಲಿಲ್ಲವೆಂದು ಗ್ರಾಹಕರ ವೇದಿಕೆಗೆ ಹೋಗೋಣವೆಂದರೆ, ಶಿಕ್ಷಣವು ಸರಕಲ್ಲ, ಶಿಕ್ಷಣ ಸಂಸ್ಥೆಗಳ ವಿರುದ್ಧ ಅಲ್ಲಿ ದೂರು ನಿಲ್ಲದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾನ್ಯತೆಯಿಲ್ಲದಿದ್ದರೂ ಇದೆಯೆಂದು ಜಾಹೀರಾತು ಕೊಟ್ಟ ಪಟ್ನಾದ ದಂತವೈದ್ಯ ಕಾಲೇಜೊಂದರ ವಿದ್ಯಾರ್ಥಿಗಳಿಗೆ 2009ರಲ್ಲಿ ಅದೇ ನ್ಯಾಯಾಲಯ ಪರಿಹಾರ ಕೊಡಿಸಿದ್ದುಂಟು. ಆದರೆ ನಮ್ಮ ಹುಡುಗಿಯ ಕಾಲೇಜಿಗೆ ಮಾನ್ಯತೆಯೂ ಇತ್ತು, ಬೋರ್ಡಿನ ಪ್ರಮಾಣಪತ್ರವೂ ಅಸಲಿ. ಇಲ್ಲದಿದ್ದದ್ದು ಕಲಿಕೆ ಮಾತ್ರ. ಹೊಸ ಕಾಯ್ದೆಯ 2,000 ಗಂಟೆಗಳನ್ನು ಕೂಡ ಇಂಥವರು ಅದೇ ರೆಕಾರ್ಡ್ ಪುಸ್ತಕದಲ್ಲಿ, ಅದೇ ಅಂದವಾದ ಅಕ್ಷರದಲ್ಲಿ ಬರೆಸಿಬಿಡುತ್ತಾರೆ.

ನಡುವೆಯೇ ಬಿಟ್ಟುಬರಲಿಲ್ಲ ಏಕೆ ಎಂದು ಅವಳನ್ನು ಕೇಳಿದವರಿದ್ದಾರೆ. ಉಳಿದ ಶುಲ್ಕವನ್ನೆಲ್ಲ ಕಟ್ಟುವವರೆಗೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿಗಳನ್ನು ಕೊಡುವುದಿಲ್ಲವೆಂದು ಕಾಲೇಜಿನ ಆಫೀಸಿನವರು ಹೇಳಿದ್ದರು. ಪ್ರವೇಶದ ದಿನ ಅವುಗಳನ್ನು ಪಡೆದುಕೊಂಡದ್ದಕ್ಕೆ ರಸೀದಿಯನ್ನೂ ಕೊಟ್ಟಿರಲಿಲ್ಲ.